ಒಂದನೇ ಕ್ಲಾಸಿನ ಮೇಡಂ ತೀರಿಕೊಂಡ ಮೇಲೆ

ಪ್ರಾಥಮಿಕ ಶಾಲೆಯ ಶಿಕ್ಷಕಿಯ ಒಳ್ಳೆಯತನವನ್ನು ಊರು ನೆನೆಯುತ್ತದೆ, ಅವರ ಕೆಲಸವನ್ನು ಮರೆಯುತ್ತದೆ. ಹಕ್ಕಿಗಳ ಲೆಕ್ಕ ಬರೆದಿಟ್ಟು ಉಳಿಸಿಕೊಂಡ ಕೊಕ್ಕರೆ ಬೆಳ್ಳೂರಿನಿಂದ ಈ ಮರೆವಿನ ಬಗ್ಗೆ ಕಲಿಯುವುದಿದೆ.

ಮಂಡ್ಯ ಸೀಮೆಯ ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಟೀಚರೊಬ್ಬರು ತೀರಿಕೊಂಡರೆ ಊರು ಕೈಕಟ್ಟಿ ಕೂರುವುದಿಲ್ಲ. ಸುದ್ದಿ ಮುಟ್ಟಿದ ಗಳಿಗೆಯಿಂದ ಫೋನುಗಳ ಸ್ಟೇಟಸ್ಸಿನಲ್ಲಿ ಅವರ ಫೋಟೊ ಕಾಣಿಸಿಕೊಳ್ಳುತ್ತದೆ, ಅರಳಿಕಟ್ಟೆಯ ಹತ್ತಿರ ಶ್ರದ್ಧಾಂಜಲಿಯ ಫ್ಲೆಕ್ಸ್ ಏಳುತ್ತದೆ, ಶಾಲೆಯಲ್ಲಿ ಮಕ್ಕಳು ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿಗಳು ಮಣ್ಣಿಗೆ ಬರುತ್ತಾರೆ. ಆಗದವರು ತಿಥಿಗಾದರೂ ಬಂದು ಹೋಗುತ್ತಾರೆ. ಈ ಪ್ರೀತಿಯಲ್ಲಿ ಸುಳ್ಳಿಲ್ಲ. ಆದರೆ ಅಲ್ಲಿ ಆಡುವ ಮಾತುಗಳನ್ನು ಒಂದೆಡೆ ಸೇರಿಸಿ ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ತಾಯಿಯಂತಿದ್ದರು, ಸಿಟ್ಟು ಮಾಡುತ್ತಿರಲಿಲ್ಲ, ರಜೆ ಹಾಕುತ್ತಿರಲಿಲ್ಲ, ತಮ್ಮ ಡಬ್ಬಿಯ ಊಟವನ್ನು ಹಸಿದ ಹುಡುಗನಿಗೆ ಕೊಡುತ್ತಿದ್ದರು ಎಂಬ ಮಾತು ಬರುತ್ತದೆ. ಅವರು ಒತ್ತಕ್ಷರವನ್ನು ಹೇಗೆ ಕಲಿಸುತ್ತಿದ್ದರು, ಶಾಲೆಗೆ ಬರಲೊಲ್ಲದ ಹುಡುಗಿಯನ್ನು ಯಾವ ಉಪಾಯದಿಂದ ಕರೆತಂದರು, ಲೆಕ್ಕ ಎಂದರೆ ನಡುಗುವ ಮಗುವಿಗೆ ಕಳೆಯುವುದನ್ನು ಯಾವ ಕಾಳಿಟ್ಟು ತೋರಿಸಿದರು ಎಂಬುದು ಬರುವುದಿಲ್ಲ. ಅವರ ಗುಣಕ್ಕೆ ಸಾಕ್ಷಿ ಹೇಳುವವರು ನೂರು ಜನ ಇರುತ್ತಾರೆ, ಮೂವತ್ತು ವರ್ಷ ಅವರು ದಿನಾ ಮಾಡಿದ ಕೆಲಸಕ್ಕೆ ಒಂದು ಸಾಲಿನ ದಾಖಲೆಯೂ ಉಳಿದಿರುವುದಿಲ್ಲ. ಪ್ರೀತಿಯ ಶಿಕ್ಷಕಿಗೆ ಊರು ಸಲ್ಲಿಸಬೇಕಾದ ನಿಜವಾದ ಗೌರವ ಈ ಕೆಲಸವನ್ನು ಬರೆದಿಡುವುದು ಎಂಬುದು ಈ ಲೇಖನದ ವಾದ. ಅದನ್ನು ನಾನು ಕೊಕ್ಕರೆ ಬೆಳ್ಳೂರಿನ ನೆಲದ ಮೇಲೆ ನಿಂತು ಹೇಳಬಯಸುತ್ತೇನೆ. ಬಾಯಿಮಾತಿನಲ್ಲಿ ಬದುಕಿದ್ದ ಒಂದು ತಿಳಿವಳಿಕೆಯನ್ನು ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ಊರಿಗಿಂತ ಒಳ್ಳೆಯ ನಿದರ್ಶನ ಸುತ್ತಮುತ್ತ ಸಿಗುವುದಿಲ್ಲ.

ಬರೆದಿಟ್ಟದ್ದರಿಂದ ಉಳಿದ ಹಕ್ಕಿಗಳು

ಮದ್ದೂರು ತಾಲ್ಲೂಕಿನ ಈ ಹಳ್ಳಿ ಶಿಂಷಾ ನದಿಗೆ ಹತ್ತಿರದಲ್ಲಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಿಂದ ರುದ್ರಾಕ್ಷಿಪುರದ ಬಳಿ ಒಳಕ್ಕೆ ತಿರುಗಿದರೆ ಸುಮಾರು ಹನ್ನೆರಡು ಕಿಲೊಮೀಟರಿನ ದಾರಿ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಪ್ರತಿ ಚಳಿಗಾಲದಲ್ಲಿ ಬಂದು ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟಿ, ಮರಿ ಮಾಡಿ, ಬೇಸಗೆ ಮುಗಿಯುವ ಹೊತ್ತಿಗೆ ಹಾರಿಹೋಗುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಅವನ್ನು ಕಾಣುತ್ತಾರೆ. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತದೆ ಎಂಬ ಲಾಭವೂ ಅವರಿಗೆ ಗೊತ್ತು. ಮೊದಲು ಶಿಂಷೆಯ ದಂಡೆಯಲ್ಲಿದ್ದ ಊರು 1916ರ ಸುಮಾರಿಗೆ ಪ್ಲೇಗಿನ ದೆಸೆಯಿಂದ ಈಗಿನ ಜಾಗಕ್ಕೆ ಎದ್ದುಬಂತು, ಹಕ್ಕಿಗಳೂ ಜನರ ಹಿಂದೆಯೇ ಬಂದವು ಎಂಬುದು ಹಿರಿಯರಿಂದ ಬಂದ ಮಾತು. ಈ ನಂಬಿಕೆ, ಈ ಲೆಕ್ಕಾಚಾರ, ಈ ನೆನಪು ಎಲ್ಲವೂ ತಲೆಮಾರುಗಳ ಕಾಲ ಬಾಯಿಂದ ಬಾಯಿಗೆ ಸಾಗಿ ಬಂದವು. ಹೊತ್ತಗೆಯಲ್ಲಿ ಇರಲಿಲ್ಲ ಎಂದ ಮಾತ್ರಕ್ಕೆ ಅವು ಕಡಿಮೆ ತೂಕದವಾಗಿರಲಿಲ್ಲ.

ಆದರೂ ಬರವಣಿಗೆ ಬಂದಾಗ ಪರಿಸ್ಥಿತಿ ಬದಲಾಯಿತು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಇಲ್ಲಿಗೆ ಬಂದು, ಕಂಡದ್ದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಊರವರಿಗೆ ತಾತನ ಕಾಲದಿಂದ ಗೊತ್ತಿದ್ದದ್ದು ಆಗ ಇಲಾಖೆಗೆ, ವಿಜ್ಞಾನಿಗಳಿಗೆ ಗೊತ್ತಾಯಿತು. ಹಕ್ಕಿ ಕೂತ ಮರದ ಹುಣಸೆಹಣ್ಣನ್ನು ಬಡಿಯದೆ ಬಿಟ್ಟ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ಬಂತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರ ತಂಡದ ಕೆ. ಮನು ಅವರು ಊರಿನ ಯುವಕರ ಜೊತೆ ಸೇರಿ ಕೆಲಸ ಆರಂಭಿಸಿದರು; ಹೆಜ್ಜಾರ್ಲೆ ಬಳಗ ಹುಟ್ಟಿತು; ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ, ಗೂಡುಗಳನ್ನು ಎಣಿಸಿ ಬರೆಯುವ ಕೆಲಸ ಸಾಗಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. 2017ರ ಕೊನೆಯಿಂದ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸಾಯತೊಡಗಿದಾಗ ಅದು ವಾಡಿಕೆಯ ಸಾವಲ್ಲ ಎಂದು ತಕ್ಷಣ ಗುರುತಿಸಲು ಆದದ್ದು, ಹೊಟ್ಟೆಯಲ್ಲಿ ಜಂತುಹುಳು ಸೇರಿದೆ ಎಂದು ಪತ್ತೆಯಾದದ್ದು, ಇಲ್ಲಿ ಲೆಕ್ಕ ಇಡುವ ಅಭ್ಯಾಸ ಬೇರೂರಿದ್ದ ಕಾರಣಕ್ಕೆ. ಊರಿನ ಪ್ರೀತಿ ಮೊದಲಿನಿಂದಲೂ ಇತ್ತು. ಆ ಪ್ರೀತಿಗೆ ಕಾನೂನಿನ ಬಲ, ಹಣದ ನೆರವು, ಮುಂದಿನವರಿಗೆ ದಾರಿ ಸಿಕ್ಕಿದ್ದು ಅದು ದಾಖಲೆಯಾದ ಮೇಲೆ.

ಈ ಮಾತನ್ನು ಶಾಲೆಯ ಕಡೆಗೆ ತಿರುಗಿಸಿ ನೋಡಿ. ನೇಗಿನಹಾಳ ಅವರು 2021ರಲ್ಲಿ ತೀರಿಕೊಂಡಾಗ ಅವರು ಬೆಂಗಳೂರಿನಲ್ಲಿ ನೆಡಿಸಿದ ಮರಗಳ ಬಗ್ಗೆ, ಗುರುತಿಸಿದ ಹಕ್ಕಿಧಾಮದ ಬಗ್ಗೆ, ಬರೆದ ಪುಸ್ತಕಗಳ ಬಗ್ಗೆ ಪತ್ರಿಕೆಗಳು ವಿವರವಾಗಿ ಬರೆದವು. ಅದು ಅವರಿಗೆ ಸಲ್ಲಬೇಕಾದ ಗೌರವವೇ. ಅದೇ ಸಮಯದಲ್ಲಿ, ಕೋವಿಡ್ಡಿನ ಎರಡು ಅಲೆಗಳಲ್ಲಿ, ರಾಜ್ಯದ ಸರ್ಕಾರಿ ಶಾಲೆಗಳ ಅನೇಕ ಶಿಕ್ಷಕರೂ ತೀರಿಕೊಂಡರು. ಶಾಲೆ ಮುಚ್ಚಿದ್ದ 2020ರಲ್ಲಿ ವಿದ್ಯಾಗಮ ಯೋಜನೆಯಡಿ ಅವರು ಗುಡಿಯ ಜಗಲಿಯಲ್ಲಿ, ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದವರು. ಪತ್ರಿಕೆಯಲ್ಲಿ ಅವರು ಬಂದದ್ದು ಸಂಖ್ಯೆಯಾಗಿ. ಇಲಾಖೆಯ ಕಡತದಲ್ಲಿ ಉಳಿದದ್ದು ಅನುಕಂಪದ ನೌಕರಿಯ ಅರ್ಜಿಯಾಗಿ. ಗ್ರಂಥಾಲಯವಿಲ್ಲದ, ನೆಟ್‌ವರ್ಕ್ ಸಿಗದ ಊರಿನಲ್ಲಿ, ಬೇರೆ ಬೇರೆ ತರಗತಿಯ ಮಕ್ಕಳನ್ನು ಒಂದೇ ಜಗಲಿಯಲ್ಲಿ ಕೂರಿಸಿಕೊಂಡು ಅವರು ಏನು ಮಾಡಿದರು ಎಂಬುದು ಮುಂದಿನ ಯಾವುದೇ ಆಪತ್ತಿಗೆ ಬೆಲೆಬಾಳುವ ತಿಳಿವಳಿಕೆ. ಅದರ ಬಹುಪಾಲು ಅವರ ಜೊತೆಗೇ ಮಣ್ಣಾಯಿತು.

ಕಣ್ಣಿಗೆ ಕಾಣದ ಕಸುಬು

ಒಂದನೇ ತರಗತಿಯ ಕೆಲಸ ಸುಲಭ, ಕಷ್ಟವಿರುವುದು ಮೇಲಿನ ತರಗತಿಗಳಲ್ಲಿ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆ ಕೆಲಸವನ್ನು ದಾಖಲಿಸಲು ಯಾರೂ ಹೋಗದಿರುವುದಕ್ಕೆ ಇದು ಮೊದಲ ಕಾರಣ. ಈ ನಂಬಿಕೆ ಎಷ್ಟು ತಪ್ಪು ಎಂಬುದು ಮದ್ದೂರು, ಮಳವಳ್ಳಿ ಕಡೆಯ ತರಗತಿಯೊಂದನ್ನು ಮನಸ್ಸಿಗೆ ತಂದುಕೊಂಡರೆ ತಿಳಿಯುತ್ತದೆ. ಇಲ್ಲಿನ ಮನೆಮಾತಿನಲ್ಲಿ ಹಕಾರ ಮೆಲ್ಲಗೆ ಜಾರಿಹೋಗುತ್ತದೆ. ಹಕ್ಕಿಯೂ ಅಕ್ಕಿಯೂ ಮಗುವಿನ ಬಾಯಲ್ಲಿ ಒಂದೇ. ಹಕ್ಕಿಗಳ ನಡುವೆಯೇ ಬೆಳೆದ ಬೆಳ್ಳೂರಿನ ಮಗುವಿಗೆ ಅವನ್ನು ಬರೆಯುವಾಗ ಬೇರೆ ಮಾಡಲು ಕಲಿಸಬೇಕು. ಹಾಗೆ ಕಲಿಸುವಾಗ, ಅವ್ವ ಅಪ್ಪ ಆಡುವ ಮಾತು ತಪ್ಪು ಎಂಬ ನಾಚಿಕೆ ಆ ಮಗುವಿನ ಎದೆಗೆ ಇಳಿಯಬಾರದು. ಬಾಯಿಗೆ ಬಡಿದು ತಿದ್ದುವ ಟೀಚರಿಂದ ಮಗು ಹಕಾರವನ್ನು ಕಲಿಯಬಹುದು, ಜೊತೆಗೆ ತರಗತಿಯಲ್ಲಿ ಬಾಯಿ ಬಿಡದಿರುವುದನ್ನೂ ಕಲಿಯುತ್ತದೆ. ಮನೆಯ ಮಾತನ್ನು ಗೌರವದಿಂದ ಕೇಳಿಸಿಕೊಂಡು, ಬರವಣಿಗೆಗೆ ಇನ್ನೊಂದು ರೂಢಿ ಇದೆ ಎಂದು ತೋರಿಸುವ ಟೀಚರ ಕೈಯಲ್ಲಿ ಆ ಮಗು ಎರಡನ್ನೂ ಉಳಿಸಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಸಾಧಿಸಲು ವರ್ಷಗಟ್ಟಲೆಯ ಸಾಧನೆ ಬೇಕು.

ಹಾಜರಾತಿಯ ಕಥೆಯೂ ಇಷ್ಟೇ ಸೂಕ್ಷ್ಮ. ಈ ಸೀಮೆಯಲ್ಲಿ ರೇಷ್ಮೆ ಸಾಕುವ ಮನೆಗಳು ಬಹಳ. ಹುಳು ಹಣ್ಣಾಗುವ ದಿನ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಸೊಪ್ಪು ಕೊಯ್ಯುವುದಕ್ಕೆ, ಹುಳು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದಕ್ಕೆ ದೊಡ್ಡ ಮಕ್ಕಳು ಬೇಕು, ಅವರು ಎತ್ತಿಕೊಳ್ಳಬೇಕಿದ್ದ ಕೂಸನ್ನು ನೋಡಿಕೊಳ್ಳಲು ಸಣ್ಣ ಮಕ್ಕಳೂ ಬೇಕು. ಕಬ್ಬು ಕಡಿಯುವ ಕಾಲ, ನಾಟಿಯ ಕಾಲ, ಹಬ್ಬ, ಜಾತ್ರೆ ಹೀಗೆ ಊರಿಗೆ ಅದರದ್ದೇ ಪಂಚಾಂಗವಿದೆ, ಇಲಾಖೆಗೆ ಇನ್ನೊಂದು ಪಂಚಾಂಗ. ಎರಡಕ್ಕೂ ಹೊಂದಾಣಿಕೆ ಮಾಡುವವರು ಪ್ರಾಥಮಿಕ ಶಾಲೆಯ ಟೀಚರು. ಯಾವ ಮನೆಯಲ್ಲಿ ಯಾವಾಗ ಹುಳು ಹಣ್ಣಾಗುತ್ತದೆ, ಯಾವ ಮಗು ಎರಡು ದಿನ ತಪ್ಪಿಸಿಕೊಂಡರೆ ಮತ್ತೆ ಬಾರದೇ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಜನಗಣತಿ, ಮತದಾರರ ಪಟ್ಟಿ, ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ ಇವೆಲ್ಲ ಹೆಗಲ ಮೇಲಿದ್ದೂ ಈ ತಿಳಿವಳಿಕೆಯನ್ನು ತಲೆಯಲ್ಲಿ ಹೊತ್ತು ನಡೆಯುವುದು ದೊಡ್ಡ ಕಸುಬು. ಅವರ ಸೇವಾ ಪುಸ್ತಕದಲ್ಲಿ ವೇತನ ಬಡ್ತಿ, ರಜೆ, ವರ್ಗಾವಣೆಗಳ ವಿವರವಿರುತ್ತದೆ. ಮಗುವನ್ನು ಶಾಲೆಗೆ ಮರಳಿ ತಂದ ದಿನಕ್ಕೆ ಅಲ್ಲಿ ಕಾಲಂ ಇಲ್ಲ.

ಯಾರನ್ನು ನೆನೆಯುತ್ತೇವೆ, ಯಾತಕ್ಕಾಗಿ?

ನಾಡು ತನ್ನ ಗುರುಗಳನ್ನು ನೆನೆಯುವುದಿಲ್ಲ ಎಂದು ಹೇಳುವಂತಿಲ್ಲ. ಸೆಪ್ಟೆಂಬರ್ 5 ಬಂದರೆ ಶಾಲೆ ಶಾಲೆಯಲ್ಲೂ ಸಮಾರಂಭ. 1962ರಿಂದ ನಡೆದುಬಂದಿರುವ ಆ ದಿನ ಸರ್ವಪಲ್ಲಿ ರಾಧಾಕೃಷ್ಣನ್ ಅವರ ಹುಟ್ಟುಹಬ್ಬ. ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿದವರು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಅದೇ ಕಾಲೇಜಿನ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ; ಆ ಗುರುಶಿಷ್ಯರ ಬಾಂಧವ್ಯ ಕನ್ನಡ ಓದುವವರಿಗೆಲ್ಲ ತಿಳಿದದ್ದು. ಆದರೆ ಕುವೆಂಪು ಹುಟ್ಟಿ ಬೆಳೆದ ಕುಪ್ಪಳಿಯ ಮನೆಯ ಮಕ್ಕಳಿಗೆ ಅಕ್ಷರ ಹೇಳಿಕೊಡಲು ದಕ್ಷಿಣ ಕನ್ನಡದಿಂದ ಬಂದಿದ್ದ ಐಗಳ ಬಗ್ಗೆ ಎಷ್ಟು ಜನ ಮಾತಾಡುತ್ತಾರೆ? ಕಾಲೇಜಿನ ಗುರು ಸಿಗುವ ಹೊತ್ತಿಗೆ ಶಿಷ್ಯನಿಗೆ ಪೆನ್ನು ಹಿಡಿಯಲು, ಕೃತಜ್ಞತೆಯನ್ನು ಮಾತಿಗೆ ತರಲು ಬರುತ್ತದೆ. ಆರು ವರ್ಷದ ಮಗುವಿಗೆ ತನಗೆ ಏನು ಸಿಗುತ್ತಿದೆ ಎಂದೇ ತಿಳಿಯದು. ಮೊದಲ ಗುರುವಿನ ಕೆಲಸ ಚೆನ್ನಾಗಿ ನಡೆದಷ್ಟೂ ಅದು ಶಿಷ್ಯನ ಸ್ವಂತ ಶಕ್ತಿಯಂತೆ ಕಾಣಿಸುತ್ತದೆ. ಓದಲು ಬಂದ ಮೇಲೆ, ಓದಲು ಬಾರದಿದ್ದ ದಿನಗಳು ಯಾರಿಗೂ ನೆನಪಿರುವುದಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಮರೆವು ಇನ್ನೂ ದಟ್ಟ. ಮೈಸೂರಿನಲ್ಲಿ 1881ರಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾದದ್ದು ಇತಿಹಾಸದಲ್ಲಿದೆ, ಅದನ್ನು ಸ್ಥಾಪಿಸಿದವರ ಹೆಸರಿದೆ, ಬೆಂಬಲಿಸಿದ ಅರಮನೆಯ ಹೆಸರಿದೆ. ಕಪ್ಪುಹಲಗೆಯ ಮುಂದೆ ನಿಂತ ಹೆಂಗಸರ ಹೆಸರುಗಳು ಹಿಂದಕ್ಕೆ ಸರಿದಿವೆ. ನಂಜನಗೂಡು ತಿರುಮಲಾಂಬ ಅವರನ್ನು ಕಾದಂಬರಿಗಾರ್ತಿ, ಪತ್ರಿಕೆಯ ಸಂಪಾದಕಿ ಎಂದು ನೆನೆಯುತ್ತೇವೆ; ಹೆಣ್ಣುಮಕ್ಕಳಿಗೆ ಪಾಠ ಹೇಳಿದವರೆಂಬುದು ಎರಡನೆಯ ಮಾತಾಗುತ್ತದೆ. ಉಮಾಬಾಯಿ ಕುಂದಾಪುರ ಅವರು ಹುಬ್ಬಳ್ಳಿಯ ತಿಲಕ ಕನ್ಯಾಶಾಲೆಯನ್ನು ನಡೆಸಿದವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕಿಯರ ಪಡೆ ಕಟ್ಟಿದ್ದು, 1932ರಲ್ಲಿ ಜೈಲಿಗೆ ಹೋದದ್ದು ಅವರ ಜೀವನಚರಿತ್ರೆಯ ಮುಖ್ಯ ಘಟ್ಟಗಳು. ಆ ಶಾಲೆಯೊಳಗೆ ಹುಡುಗಿಯರು ಏನು ಕಲಿತರು ಎಂಬುದು ಒಂದು ವಾಕ್ಯಕ್ಕೆ ಮುಗಿಯುತ್ತದೆ. ಕನ್ನಡದ ಸಂಘಟನೆಗಳು ಅಕ್ಷರದವ್ವ ಎಂದು ಕರೆಯುವ ಸಾವಿತ್ರಿಬಾಯಿ ಫುಲೆ ಅವರ ಕಥೆಯೂ ಇದೇ ಜಾಡಿನದು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸತೊಡಗಿದಾಗ ದಾರಿಯಲ್ಲಿ ಅವರ ಮೇಲೆ ಸಗಣಿ ಎರಚಿದ್ದು ಎಲ್ಲರಿಗೂ ಗೊತ್ತು. 1897ರ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡುತ್ತ, ಅದೇ ರೋಗಕ್ಕೆ ಅವರು ಬಲಿಯಾದದ್ದೂ ಗೊತ್ತು. ಸಗಣಿ ಒರೆಸಿಕೊಂಡು ಶಾಲೆಯೊಳಗೆ ಹೋದ ಮೇಲೆ ಅವರು ಮಾಡಿದ ಪಾಠ ಹೇಗಿತ್ತು ಎಂದು ಕೇಳುವವರು ಕಡಿಮೆ. ತ್ಯಾಗ, ಹೋರಾಟ, ಸಾವು ಇವು ನೆನಪಿಗೆ ಬೇಗ ಹತ್ತುತ್ತವೆ. ಪಾಠ ಹತ್ತುವುದಿಲ್ಲ. ಹಾಗಿದ್ದರೆ ತ್ಯಾಗದ ಪ್ರಸಂಗವಿಲ್ಲದೆ, ಜೈಲು ಕಾಣದೆ, ಬರೇ ಚೆನ್ನಾಗಿ ಪಾಠ ಮಾಡಿ ನಿವೃತ್ತರಾಗಿ ತೀರಿಕೊಂಡ ಹಳ್ಳಿಯ ಟೀಚರಿಗೆ ಇತಿಹಾಸದಲ್ಲಿ ಜಾಗವೆಲ್ಲಿ?

ಜಾಗ ಸಿಕ್ಕಿದ ಕೆಲವರಿದ್ದಾರೆ, ಅವರಿಗೆ ಅದು ಸಿಕ್ಕಿದ್ದು ತರಗತಿಯನ್ನು ಬರೆದಿಟ್ಟದ್ದರಿಂದ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ 1939ರಲ್ಲಿ ತೀರಿಕೊಂಡರು. ಒಬ್ಬ ಮೇಷ್ಟ್ರು ನಾಲ್ಕನೇ ತರಗತಿಯಲ್ಲಿ ಕಥೆ, ಆಟ, ಓದಿನ ಮೂಲಕ ನಡೆಸುವ ಪ್ರಯೋಗಗಳನ್ನು ಕಥೆಯ ರೂಪದಲ್ಲಿ ಹೇಳುವ ಅವರ ‘ದಿವಾಸ್ವಪ್ನ’ ಈಗಲೂ ಶಿಕ್ಷಕರ ಕೈಗೆ ಬರುತ್ತದೆ. ನ್ಯೂಜಿಲೆಂಡಿನಲ್ಲಿ ಮಾವೋರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆಷ್ಟನ್‌ ವಾರ್ನರ್ 1963ರಲ್ಲಿ ‘ಟೀಚರ್’ ಎಂಬ ಪುಸ್ತಕ ಹೊರತಂದರು. ಮಗುವಿಗೆ ಭಯವೋ ಪ್ರೀತಿಯೋ ಉಕ್ಕಿಸುವ, ಅದರದೇ ಬಾಯಿಂದ ಬಂದ ಪದಗಳೇ ಅದರ ಮೊದಲ ಓದಾಗಬೇಕು ಎಂಬ ಅವರ ಅನುಭವ ಜಗತ್ತಿನ ತರಗತಿಗಳಿಗೆ ಹೋಯಿತು. ನಮ್ಮಲ್ಲೇ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರ ಸುಮಾರಿಗೆ ನಲಿಕಲಿ ಎಂಬ ಕಲಿಕೆಯ ಪದ್ಧತಿ ಮೊಳೆತದ್ದು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರಿಂದ. ರಿಷಿವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿಬಂದ ಅವರು ಯೂನಿಸೆಫ್ ನೆರವಿನಲ್ಲಿ ತಮ್ಮ ಮಕ್ಕಳಿಗೆ ಒಗ್ಗುವ ಹಾಡು, ಆಟ, ಕಲಿಕೆಯ ಮೆಟ್ಟಿಲುಗಳನ್ನು ಕೂತು ಬರೆದು ಕಾರ್ಡುಗಳನ್ನಾಗಿ ಮಾಡಿದರು. 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು. ಆ ಪದ್ಧತಿ ಎಲ್ಲ ಕಡೆಯೂ ಒಂದೇ ತೆರನಾಗಿ ಫಲಿಸಿತೇ ಎಂಬುದು ಬೇರೆ ಚರ್ಚೆ. ಇಲ್ಲಿಗೆ ಬೇಕಾದ ಮಾತು ಇಷ್ಟು: ಒಂದು ತಾಲ್ಲೂಕಿನ ಶಿಕ್ಷಕರ ತಲೆಯಲ್ಲಿದ್ದದ್ದು ಕಾಗದಕ್ಕೆ ಇಳಿದದ್ದರಿಂದಲೇ ಇಡೀ ರಾಜ್ಯದ ಮಕ್ಕಳಿಗೆ ತಲುಪಿತು.

ಎದುರಾಗುವ ಮಾತುಗಳು

ಸಂಬಳ ಪಡೆದು ಮಾಡಿದ ಕೆಲಸಕ್ಕೆ ಇಷ್ಟು ದೊಡ್ಡ ಸ್ಮರಣೆ ಏಕೆ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಮಂಡ್ಯದ ನೆಲವೇ ಉತ್ತರ ಹೇಳುತ್ತದೆ. ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಕನ್ನಂಬಾಡಿ ಅಣೆಕಟ್ಟಿನ ನೀರು ತರುವ ನಾಲೆಗೆ ವಿಶ್ವೇಶ್ವರಯ್ಯನವರ ಹೆಸರಿದೆ. ಅವರ ಫೋಟೊ ಇಲ್ಲದ ರೈತನ ಮನೆ ಈ ಭಾಗದಲ್ಲಿ ಅಪರೂಪ. ಅವರೂ ಸಂಬಳ ಪಡೆದ ಸರ್ಕಾರಿ ಎಂಜಿನಿಯರೇ. ಸಂಬಳ ಪಡೆದರು ಎಂಬ ಕಾರಣಕ್ಕೆ ಅವರ ಋಣ ತೀರಿತು ಎಂದು ಇಲ್ಲಿನ ಯಾವ ರೈತನೂ ಹೇಳುವುದಿಲ್ಲ. ಸಾರ್ವಜನಿಕ ಹಣದಲ್ಲಿ ನಡೆದ ಕೆಲಸ ಚೆನ್ನಾಗಿ ನಡೆದಾಗ ಅದನ್ನು ಸಾರ್ವಜನಿಕವಾಗಿ ಬರೆದಿಡುವುದಕ್ಕೆ ಕಾರಣ ಇನ್ನೂ ಹೆಚ್ಚು. ಯಾಕೆಂದರೆ ಅದು ಎಲ್ಲರಿಗೂ ಸೇರಿದ ಅನುಭವ. ಅಣೆಕಟ್ಟು ಕಣ್ಣಿಗೆ ಕಾಣುತ್ತದೆ, ಓದಲು ಕಲಿತ ಮಗು ಊರು ಬಿಟ್ಟು ಹೋಗುತ್ತದೆ. ಕಾಣದಿರುವ ಕೆಲಸಕ್ಕೇ ದಾಖಲೆಯ ಅಗತ್ಯ ಜಾಸ್ತಿ.

ಪ್ರೀತಿಯ ನೆನಪು ಮನಸ್ಸಿನಲ್ಲಿದ್ದರೆ ಸಾಕು, ಬರೆದರೆ ಅದು ಒಣ ವರದಿಯಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ, ನೆನಪಿನ ಬಿಸುಪು ಕಾಗದಕ್ಕೆ ಪೂರ್ತಿ ಬರುವುದಿಲ್ಲ. ಆದರೆ ಮನಸ್ಸಿನಲ್ಲಿರುವ ನೆನಪಿಗೆ ಆಯಸ್ಸಿನ ಮಿತಿ ಇದೆ. ಟೀಚರಿಂದ ಕಲಿತ ಕೊನೆಯ ವಿದ್ಯಾರ್ಥಿಯೂ ಮುದುಕನಾಗಿ ಹೋದ ಮೇಲೆ ಅದು ಇಲ್ಲವಾಗುತ್ತದೆ. ಅದಕ್ಕೂ ಮೊದಲೇ ಅದು ಸವೆದು ಎಲ್ಲ ಟೀಚರುಗಳೂ ಒಂದೇ ಎಂಬಂತಾಗುತ್ತದೆ. ಒಬ್ಬರು ಹಾಡು ಕಟ್ಟಿ ಮಗ್ಗಿ ಕಲಿಸಿದವರು, ಇನ್ನೊಬ್ಬರು ಮಾತೇ ಆಡದ ಮಗುವನ್ನು ಚಿತ್ರ ಬಿಡಿಸಲು ಹಚ್ಚಿ ಮಾತಾಡಿಸಿದವರು. ನೆನಪು ಸವೆದ ಮೇಲೆ ಇಬ್ಬರೂ ತಾಯಿಯಂಥವರು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ತಾಯ್ತನದ ಹೊಗಳಿಕೆಯಲ್ಲಿ ಇನ್ನೊಂದು ಅಪಾಯವೂ ಇದೆ. ಹೆಂಗಸು ಮಕ್ಕಳನ್ನು ನೋಡಿಕೊಳ್ಳುವುದು ಸಹಜ ಎಂದುಬಿಟ್ಟರೆ, ಅವರು ಓದಿ, ಯೋಚಿಸಿ, ತಪ್ಪಿ, ತಿದ್ದಿಕೊಂಡು ಗಳಿಸಿದ ಪರಿಣತಿಗೆ ಬೆಲೆಯೇ ಇಲ್ಲವಾಗುತ್ತದೆ. ಅವರ ಬುದ್ಧಿಗೂ ಗೌರವ ಸಲ್ಲಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಮೂರನೆಯದು. ಸತ್ತವರ ಬಗ್ಗೆ ಬರೆಯಹೊರಟರೆ ಎಲ್ಲರೂ ದೇವತೆಗಳಾಗುತ್ತಾರೆ. ಶಾಲೆಯಲ್ಲಿ ಪೆಟ್ಟು ತಿಂದವರು, ಜಾತಿಯ ಕಾರಣಕ್ಕೆ ದೂರ ಕೂತವರು ಆ ಹೊಗಳಿಕೆಯಲ್ಲಿ ಮತ್ತೊಮ್ಮೆ ಮೂಲೆಗೆ ಸೇರುತ್ತಾರೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ಓದಿದವರು ಈ ಮಾತನ್ನು ತಳ್ಳಿಹಾಕಲಾರರು, ಶಾಲೆಯ ಒಳಗೂ ಜಾತಿ ಹೇಗೆ ಕೆಲಸ ಮಾಡಿತು ಎಂಬುದನ್ನು ಆ ಆತ್ಮಕಥನ ತೋರಿಸಿದೆ. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳಬೇಕಾಗಿ ಬಂದದ್ದೇ ಅವು ನಡೆಯುತ್ತಿದ್ದವು ಎಂಬುದಕ್ಕೆ ಸಾಕ್ಷಿ. ಆದ್ದರಿಂದ ನಾನು ಹೇಳುತ್ತಿರುವ ದಾಖಲೆಗೆ ಒಂದು ಕಟ್ಟುನಿಟ್ಟು ಇರಲೇಬೇಕು. ಹೊಗಳುವವರನ್ನು ಕೇಳುವುದಕ್ಕೆ ಮೊದಲು ಕೊನೆಯ ಸಾಲಿನಲ್ಲಿ ಕೂತಿದ್ದವರನ್ನು, ಅರ್ಧಕ್ಕೆ ಶಾಲೆ ಬಿಟ್ಟವರನ್ನು, ಕಾಲೊನಿಯ ಮಕ್ಕಳನ್ನು ಕೇಳಬೇಕು. ನಿಮ್ಮ ಹೆಸರನ್ನು ಅವರು ಹೇಗೆ ಕರೆಯುತ್ತಿದ್ದರು, ನಿಮ್ಮ ಸ್ಲೇಟನ್ನು ಮುಟ್ಟಿ ತಿದ್ದುತ್ತಿದ್ದರೇ, ಊಟಕ್ಕೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಿದ್ದರೇ ಎಂದು ವಿಚಾರಿಸಬೇಕು. ಪ್ರೀತಿಗೆ ಪಾತ್ರರಾದ ಟೀಚರು ನಿಜವಾಗಿ ದೊಡ್ಡವರಾಗಿದ್ದರೆ ಈ ಪ್ರಶ್ನೆಗಳಿಂದ ಅವರ ಹೆಸರು ಬೆಳಗುತ್ತದೆ. ಕೊರತೆ ಕಂಡರೆ ಅದೂ ಮುಂದಿನ ಶಿಕ್ಷಕರಿಗೆ ಪಾಠವೇ. ಫ್ಲೆಕ್ಸಿನ ಹೊಗಳಿಕೆ ಈ ವಿಚಾರಣೆಗೆ ಎಂದೂ ಒಡ್ಡಿಕೊಳ್ಳುವುದಿಲ್ಲ, ವಿವರದ ದಾಖಲೆ ಒಡ್ಡಿಕೊಳ್ಳುತ್ತದೆ.

ಮಕ್ಕಳೇ ಕಡಿಮೆಯಾಗುತ್ತಿರುವ, ಪಕ್ಕದೂರಿನ ಶಾಲೆಗೆ ವಿಲೀನವಾಗಬಹುದಾದ ಶಾಲೆಗಳಲ್ಲಿ ಈ ಕೆಲಸದಿಂದ ಏನು ಪ್ರಯೋಜನ, ಅದೇ ಶ್ರಮವನ್ನು ಕಟ್ಟಡಕ್ಕೆ, ಶೌಚಾಲಯಕ್ಕೆ ಹಾಕಬಾರದೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಕಟ್ಟಡವೂ ಬೇಕು, ಶೌಚಾಲಯವೂ ಬೇಕು. ಅವು ಸರ್ಕಾರದ ಹೊಣೆ, ಅದನ್ನು ಬಿಟ್ಟುಕೊಡಬೇಕಿಲ್ಲ. ಬರೆದಿಡುವ ಕೆಲಸಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಕೆಲವು ಸಂಜೆಗಳು ಮಾತ್ರ. ಶಾಲೆಯ ಅಳಿವು ಉಳಿವಿನ ಚರ್ಚೆಯಲ್ಲಿ ಅಧಿಕಾರಿಗಳ ಮೇಜಿಗೆ ಬರುವುದು ದಾಖಲಾತಿಯ ಅಂಕಿ ಒಂದೇ. ಈ ಶಾಲೆ ಐವತ್ತು ವರ್ಷಗಳಲ್ಲಿ ಊರಿನ ಯಾವ 'ಮೊದಲ'ಗಳಿಗೆ ಕಾರಣವಾಯಿತು, ಯಾವ ಮನೆಯ ಮೊದಲ ಹುಡುಗಿ ಇಲ್ಲಿ ಓದಿದಳು, ಅದಕ್ಕೆ ಯಾವ ಟೀಚರು ಏನು ಮಾಡಿದರು ಎಂಬುದು ಬರಹದಲ್ಲಿದ್ದರೆ ಊರಿನ ವಾದಕ್ಕೆ ಬಲ ಬರುತ್ತದೆ. ಬೆಳ್ಳೂರಿನಲ್ಲಿ ಹುಣಸೆಮರದ ಒಡೆಯರ ತ್ಯಾಗ ಕಾಗದದ ಮೇಲೆ ಬಂದಾಗಲೇ ಅಲ್ಲವೇ ಪರಿಹಾರದ ಮಾತು ಹುಟ್ಟಿದ್ದು?

ಬರೆಯಬೇಕಾದದ್ದು ಏನು?

ಮದ್ದೂರಿನ ಜನಕ್ಕೆ ಸ್ಮಾರಕ ಕಟ್ಟುವುದು ಹೊಸತಲ್ಲ. 1938ರ ಧ್ವಜ ಸತ್ಯಾಗ್ರಹದ ನೆನಪಿಗೆ ಶಿವಪುರದಲ್ಲಿ ಸೌಧವೇ ಇದೆ. ಟೀಚರಿಗೆ ಸೌಧ ಬೇಡ. ಶಾಲೆಯ ಬೀರುವಿನಲ್ಲಿ ದಾಖಲಾತಿ ರಿಜಿಸ್ಟರಿನ ಪಕ್ಕ ಒಂದು ಪುಸ್ತಕ ಸಾಕು. ಅದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ ಶುರುಮಾಡಬಹುದು. ಮೇಲಿನ ತರಗತಿಯ ಮಕ್ಕಳು ಮನೆಮನೆಗೆ ಹೋಗಿ ಅಜ್ಜಿ ತಾತಂದಿರನ್ನು ಕೇಳಿ ಬರೆದು ತರಬಹುದು. ಗೂಡು ಎಣಿಸುವುದನ್ನು ಕಲಿತ ಊರಿಗೆ ಇದು ಕಷ್ಟದ ಕೆಲಸವಲ್ಲ. ಟೀಚರು ಯಾವ ವರ್ಷ ಬಂದರು, ಎಲ್ಲಿ ಉಳಿದುಕೊಂಡಿದ್ದರು, ಎಷ್ಟು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಿಭಾಯಿಸಿದರು ಎಂಬಲ್ಲಿಂದ ಅದು ಆರಂಭವಾಗಲಿ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಕಲಿಸಿದರು, ಕಾಗುಣಿತಕ್ಕೆ, ಒತ್ತಕ್ಷರಕ್ಕೆ ಏನು ಉಪಾಯ ಮಾಡಿದ್ದರು, ಲೆಕ್ಕಕ್ಕೆ ಹುಣಸೆಬೀಜ ಬಳಸಿದರೋ ಕಡ್ಡಿ ಬಳಸಿದರೋ, ಯಾವ ಹಾಡುಗಳನ್ನು ಕಲಿಸಿದರು, ತಪ್ಪಿಗೆ ಏನು ಮಾಡುತ್ತಿದ್ದರು, ಓದು ಹತ್ತದ ಮಗುವಿನ ಜೊತೆ ಎಷ್ಟು ಹೊತ್ತು ಕೂರುತ್ತಿದ್ದರು ಎಂಬುದು ಅದರ ಹೊಟ್ಟೆಯಲ್ಲಿರಲಿ. ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಹೋಬಳಿಗೊಂದು ಶಾಲೆಯ ಯೋಜನೆ ಬಂದು, 1913ರಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂದ ಈ ನಾಡಿನಲ್ಲಿ ಯೋಜನೆಗಳ, ಕಾನೂನುಗಳ ಇತಿಹಾಸ ಬೇಕಾದಷ್ಟಿದೆ. ಅವನ್ನು ಮಗುವಿನ ಕೈಗೆ ಬಳಪವಾಗಿ ತಲುಪಿಸಿದವರ ಇತಿಹಾಸ ಊರುಗಳಲ್ಲಿ ಮಾತ್ರ ಸಿಗುತ್ತದೆ; ಊರುಗಳೇ ಅದನ್ನು ಬರೆಯಬೇಕು.

ಇದರಲ್ಲಿ ತಡಮಾಡುವಂತಿಲ್ಲ. ಒಬ್ಬ ಟೀಚರು ತೀರಿಕೊಂಡಾಗ ಅವರ ಸಹೋದ್ಯೋಗಿಗಳು, ಅವರಿಗೆ ಅಡುಗೆಮನೆಯಿಂದ ನೆರವಾದ ಬಿಸಿಯೂಟದ ಅಮ್ಮಂದಿರು, ಮೊದಲ ವರ್ಷಗಳ ವಿದ್ಯಾರ್ಥಿಗಳು ಎಲ್ಲರೂ ಒಂದೇ ಕಡೆ ಸೇರುವುದು ತಿಥಿಯ ದಿನ. ಮತ್ತೆ ಅವರು ಹಾಗೆ ಸೇರುವುದಿಲ್ಲ. ಊಟ ಮುಗಿದ ಮೇಲೆ ಒಂದು ಗಂಟೆ ಕೂತು, ಒಬ್ಬರು ಕೇಳಿ ಇನ್ನೊಬ್ಬರು ಬರೆದುಕೊಂಡರೆ ಆ ಪುಸ್ತಕದ ಮೊದಲ ಹತ್ತು ಪುಟ ಅವತ್ತೇ ತುಂಬುತ್ತವೆ. ಇನ್ನೂ ಒಳ್ಳೆಯದು, ಟೀಚರು ಬದುಕಿರುವಾಗಲೇ, ನಿವೃತ್ತಿಯ ದಿನ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವ ಜೊತೆಗೆ ಅವರನ್ನೇ ಕೂರಿಸಿ ಕೇಳುವುದು. ಹೀಗೆ ಬರೆದಿಟ್ಟದ್ದನ್ನು ಓದಿ ಆ ಕೋಣೆಗೆ ಹೊಸದಾಗಿ ಬರುವ ಶಿಕ್ಷಕಿ ಜೂನ್ ತಿಂಗಳ ಮೊದಲ ವಾರದಲ್ಲಿ ಒಂದು ಮಗುವನ್ನಾದರೂ ಬೇಗ ಅರಿತುಕೊಂಡರೆ, ಹಿಂದಿನ ಟೀಚರ ಕೆಲಸ ಆ ಶಾಲೆಯಲ್ಲಿ ಮುಂದುವರಿದಿದೆ ಎಂದು ಊರು ಧೈರ್ಯವಾಗಿ ಹೇಳಬಹುದು.